ಇಂದುಮತಿಬಾಯಿಯ ಖಾಲಿ ತಾಟು

ಇಂದುಮತಿಬಾಯಿಗೆ ಅರವತ್ತೆಂಟು ವರ್ಷ. ಗಂಡ ತೀರಿಕೊಂಡ ಮೇಲೆ ಹದಿನೇಳು ವರ್ಷದಿಂದ ಒಪ್ಪತ್ತಿನ ಊಟ. ಸಂಜೆಗೆ ಒಂದು ಹಿಡಿ ಅವಲಕ್ಕಿ, ಒಂದು ಲೋಟ ಮಜ್ಜಿಗೆ. ಅಷ್ಟರಲ್ಲೇ ಧಾರವಾಡದಲ್ಲಿ ಗುಂಡುಕಲ್ಲಿನಂತಿದ್ದಳು. ಅರವತ್ತಾರನೆಯ ಇಸವಿಯಲ್ಲಿ ಬರೋಡಾಕ್ಕೆ ಮಗನ ಮನೆಗೆ ಬಂದಳು ನೋಡಿ, ದಿಲ್ಲಿಯ ಸರ್ಕಾರ ಅವಳ ಹೊಟ್ಟೆಯ ಮೇಲೆ ಕಣ್ಣು ಹಾಕಿತು.

ಮಗ ಹಯವದನ ಆಹಾರ ಸಂಶೋಧನೆಯ ಕಚೇರಿಯಲ್ಲಿದ್ದ. ವಯಸ್ಕನೊಬ್ಬ ದಿನಕ್ಕೆ ಎಷ್ಟು ಧಾನ್ಯ, ಎಷ್ಟು ಬೇಳೆ, ಎಷ್ಟು ಹಾಲು ತೆಗೆದುಕೊಳ್ಳಬೇಕೆಂದು ದಿಲ್ಲಿಯವರು ಒಂದು ಪಟ್ಟಿ ಮಾಡಿದ್ದರು. ಅದು ಅರವತ್ತು ದಾಟಿದವರಿಗೂ ಹೊಂದುತ್ತದೆಯೇ ಎಂದು ಪರೀಕ್ಷಿಸಿ ಅಹಮದಾಬಾದಿನ ಮೇಲಿನ ಕಚೇರಿಗೆ ವರದಿ ಕಳಿಸುವ ಕೆಲಸ ಇವನ ಪಾಲಿಗೆ ಬಂತು. ಮುದುಕರು ಬೇಕಾಗಿದ್ದರು. ಮನೆಯಲ್ಲೇ ಒಬ್ಬಳಿದ್ದಳಲ್ಲ!

"ಒಂದು ತಿಂಗಳ ಅಷ್ಟ ಅವ್ವಾ. ಇಲ್ಲ ಅನಬ್ಯಾಡ," ಎಂದು ಕೇಳಿಕೊಂಡ. ಮಗ ಅಷ್ಟು ಬಾಯಿಬಿಟ್ಟು ಕೇಳಿದರೆ ಯಾವ ತಾಯಿ ಒಲ್ಲೆ ಎಂದಾಳು? ಒಂದು ತಿಂಗಳ ಮಟ್ಟಿಗೆ ಎಂದು ದೇವರಿಗೆ ಕೈಮುಗಿದು ಒಪ್ಪತ್ತನ್ನು ಬದಿಗಿಟ್ಟಳು.

ಮರುದಿನದಿಂದ ಬರೋಡಾದ ಅಲ್ಕಾಪುರಿ ಬಡಾವಣೆಯ ಆ ಅಡಿಗೆಮನೆಯಲ್ಲಿ ತಕ್ಕಡಿಯದೇ ದರ್ಬಾರು. ಸೊಸೆ ರಜನಿ ಚಪಾತಿ ತೂಗಿ, ಅನ್ನ ತೂಗಿ, ಎರಡು ಹೊತ್ತೂ ತಾಟು ತುಂಬಿಸಿ ಮುಂದಿಡುವಳು. ಊಟವಾದ ಮೇಲೆ ಉಳಿದದ್ದನ್ನು ಹಯವದನ ತೂಗಿ ಫಾರಮ್ಮಿನಲ್ಲಿ ಬರೆದುಕೊಳ್ಳಬೇಕು. ಉಳಿಯಬೇಕಲ್ಲ! ಬಡಿಸಿದ ಅನ್ನ ಬಿಟ್ಟೇಳುವುದು ಮಹಾಪಾಪವೆಂದು ಐದನೆಯ ವಯಸ್ಸಿನಿಂದ ಕಲಿತ ಜೀವ ಅದು. ಹೊಟ್ಟೆ ಬಿರಿಯಲಿ, ಕಣ್ಣಲ್ಲಿ ನೀರು ಬರಲಿ, ಕೊನೆಯ ಅಗಳನ್ನೂ ಬೆರಳಿಂದ ಬಳಿದು ನುಂಗಿಯೇ ಏಳುತ್ತಿದ್ದಳು. ಆಮೇಲೆ ಎದೆಯುರಿ, ಹುಳಿತೇಗು. ಮಲಗಿದರೆ ಉಸಿರು ಕಟ್ಟಿದಂತಾಗುತ್ತಿತ್ತು. ಹಯವದನ ಮಾತ್ರ ದಿನಾ ಉಳಿದದ್ದು ಸೊನ್ನೆ ಎಂದು ಬರೆದು ಖುಷಿಪಡುತ್ತಿದ್ದ.

ಇಪ್ಪತ್ತೆಂಟನೆಯ ದಿನ ಬಂದು ಹೇಳಿದ: "ಪಟ್ಟಿ ನಿನಗ ಭಾಳ ಛೊಲೊ ಹೊಂದೇದ ಅವ್ವಾ. ಇನ್ನ ಮ್ಯಾಲೆ ಯಾವಾಗ್ಲೂ ಇದ ಊಟ. ಆ ಒಪ್ಪತ್ತು ಗಿಪ್ಪತ್ತು ಸಾಕು."

ತಿಂಗಳ ಮಾತೆಂದು ಹಲ್ಲುಕಚ್ಚಿ ನುಂಗಿದ್ದು ಸಾಯುವತನಕ ಆಯಿತೇ?

"ನನಗ ಇದು ಹೋಗೂದಿಲ್ಲೋ ಹಯವದನಾ. ಇದು ಮಕರಪುರದ ಕಾರಖಾನ್ಯಾಗ ಸುತ್ತಿಗಿ ಬಡಿಯೋ ಗಂಡಸಿನ ಊಟ."

"ಹೋಗೂದಿಲ್ಲ ಅಂದ್ರ ಹ್ಯಾಂಗ? ಒಂದು ದಿನಾನೂ ಒಂದು ಅಗಳು ಉಳಿಸಿಲ್ಲ ನೀನು. ನಾನ ತೂಗೀನಿ."

ತನ್ನ ಸಂಸ್ಕಾರವೇ ತನ್ನ ವಿರುದ್ಧ ಸಾಕ್ಷಿ ಹೇಳಿತಲ್ಲ ಎಂದು ಮುದುಕಿಗೆ ಅಳು ಬಂತು, ಸಿಟ್ಟೂ ಬಂತು. ಮರುದಿನ ಮಧ್ಯಾಹ್ನ, ತಪ್ಪಾಯಿತೆಂದು ದೇವರ ಮುಂದೆ ಗಲ್ಲ ಬಡಿದುಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ಎರಡು ಚಪಾತಿ, ಅರ್ಧ ಅನ್ನ ತಾಟಿನಲ್ಲೇ ಬಿಟ್ಟು ಎದ್ದಳು. ಈಗಲಾದರೂ ತೂಗಲಿ!

ರಜನಿ ತಾಟು ನೋಡಿ ಗಾಬರಿಯಾದಳು. "ಅತ್ತಿಯವರು ಅನ್ನ ಬಿಟ್ಟಾರ್ರೀ!" ಎಂದು ಕೂಗಿದಳು. ಹಯವದನ ಓಡಿ ಬಂದು ಅವ್ವನ ಹಣೆ ಮುಟ್ಟಿದ, ನಾಲಿಗೆ ನೋಡಿದ. ಅವ್ವ ಅನ್ನ ಬಿಡುವುದೆಂದರೇನು! ತೂಗುವ ಗೋಜಿಗೂ ಹೋಗದೆ, ಫಾರಮ್ಮಿನಲ್ಲಿ 'ಅಸ್ವಸ್ಥೆ' ಎಂದು ಬರೆದು ಆ ದಿನವನ್ನೇ ಹೊಡೆದುಹಾಕಿದ. ಕಾಯಿಲೆಯ ದಿನ ಪರೀಕ್ಷೆಗೆ ಸೇರುವುದಿಲ್ಲ.

"ನನಗ ಏನೂ ಆಗಿಲ್ಲ. ಬ್ಯಾಡಾಗಿತ್ತು, ಬಿಟ್ಟೆ," ಎಂದಳು ಇಂದುಮತಿಬಾಯಿ.

"ಜಡ್ಡಿನಾಗ ಹಂಗ ಅನಸ್ತದವಾ."

"ತಿಂದ್ರ ಹೊಂದೇದ ಅಂತೀ, ಬಿಟ್ರ ಜಡ್ಡು ಅಂತೀ. ಆರಾಮ ಇದ್ದು ಬ್ಯಾಡ ಅನ್ನೋ ಮುದುಕೀನ ಎಲ್ಲಿ ಬರಕೋತೀಯಪಾ?"

ಹಯವದನ ಫಾರಮ್ಮನ್ನು ಮೇಲಿಂದ ಕೆಳಗೆ ನಿಜವಾಗಿಯೂ ಹುಡುಕಿದ. ಒಳ್ಳೆಯ ಮಗ; ತಾಯಿಯ ಮಾತನ್ನು ತಳ್ಳಿಹಾಕುವವನಲ್ಲ.

"ಅದಕ್ಕ ಇದರಾಗ ಜಾಗಾ ಇಲ್ಲವಾ," ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇವತ್ತ ಗಂಜಿ ಕೊಡು. ನಾಳಿಂದ ಮತ್ತ ಪೂರ್ತಿ ತೂಗು," ಎಂದ.

ಮರುದಿನ ತಾಟು ಬಂತು. ಬಿಟ್ಟರೂ ಲೆಕ್ಕಕ್ಕೆ ಸೇರದ ಮೇಲೆ ಆ ಪಾಪವಾದರೂ ಯಾಕೆಂದು ಇಂದುಮತಿಬಾಯಿ ಒಂದು ಅಗಳೂ ಬಿಡದೆ ಉಂಡಳು.