ಬೆಳ್ಳಮ್ಮನ ಜಗಲಿಯ ಬುಟ್ಟಿ

ಮಾಂಬಳ್ಳಿಯ ಹೊಲಿಗೆ ಸಂಘಕ್ಕೆ ಆ ಚಾರ್ಟ್ ಬರೆದುಕೊಟ್ಟವಳು ನಾನು. ಒಲೆಯ ಮೇಲೆ ಅನ್ನ ಬೇಯುತ್ತಿರುವಾಗ ಮಗಳ ಡ್ರಾಯಿಂಗ್ ಹಾಳೆಯ ಹಿಂದೆ ಗೆರೆ ಎಳೆದಿದ್ದೆ: ಯಾರು, ಯಾವ ಕೆಲಸ, ಯಾವ ದಿನಕ್ಕೆ; ಮೇಲೆ, ದಿನಾ ಬೆಳಿಗ್ಗೆ ಏಳಕ್ಕೆ ಸಭೆ. ಶಾಲೆಯ ಸಮವಸ್ತ್ರಗಳು ಒಂದು ದಿನವೂ ತಡವಾಗಲಿಲ್ಲ. ಕೊಳ್ಳೇಗಾಲದ ನಮ್ಮ ಸಂಸ್ಥೆಯವರು ಅದನ್ನೇ ಅಚ್ಚು ಹಾಕಿಸಿ ಹೂಗ್ಯಂನ ಹುಣಸೆಹಣ್ಣಿನ ಸಂಘಕ್ಕೂ ಕಳಿಸಿದರು. ಅಲ್ಲಿನ ಮೇಲ್ವಿಚಾರಕಿ ಯಶೋದ ಅದನ್ನು ಗೋಡೆಗೂ ಅಂಟಿಸಲಿಲ್ಲವಂತೆ. ಆದರೂ ಸಂಸ್ಥೆಯ ಸಭೆಯಲ್ಲಿ ಎಲ್ಲರ ಬಾಯಲ್ಲಿ ಅವಳದೇ ಹೊಗಳಿಕೆ.

ಹೂಗ್ಯಂಗೆ ಹೋಗಿ ನೋಡಿ ಬರಲು ನನಗೇ ಹೇಳಿದರು. ಚಾರ್ಟ್ ಕಡ್ಡಾಯ ಮಾಡುವುದೋ, ಯಶೋದಳ ರೀತಿಯನ್ನೇ ಉಳಿಸುವುದೋ, ಎಲ್ಲ ನನ್ನ ವರದಿಯ ಮೇಲೆ. ತಪ್ಪು ಹುಡುಕಲೆಂದೇ ಬಸ್ಸು ಹತ್ತಿದೆ.

ಯಶೋದ ಸಮಾಧಾನವಾಗಿ ವಿವರಿಸಿದಳು. ಚಾರ್ಟಿನಲ್ಲಿದ್ದಂತೆ ಬೆಳಿಗ್ಗೆ ಏಳಕ್ಕೆ ಸಭೆ ಸೇರುವಂತಿಲ್ಲ, ಆ ಹೊತ್ತಿಗೆ ದಾರಿಯಲ್ಲಿ ಆನೆ ಇರುತ್ತದೆ. ಒಳ್ಳೆಯ ಬಿಸಿಲು ಬಿದ್ದ ದಿನವೇ ಹಣ್ಣು ಕುಟ್ಟಬೇಕಾದ್ದರಿಂದ ತಾರೀಖೂ ನಿಲ್ಲದು. ಅದಕ್ಕೇ ಪ್ರತಿ ಮನೆಯ ಜಗಲಿಯಲ್ಲಿ ಒಂದು ಬುಟ್ಟಿ. ಕೆಲಸ ಮುಗಿದರೆ ಬೋರಲು. ಬಾಯಿ ಮೇಲಾಗಿದ್ದರೆ ಇನ್ನೂ ಉಳಿದಿದೆ ಎಂದು. ಕೈ ಖಾಲಿ ಇದ್ದವರು ಹೋಗಿ ನೆರವಾಗಬೇಕು.

ಕೇಳಲು ಚೆನ್ನಾಗಿತ್ತು. ಅದಕ್ಕೇ ನನಗೆ ಹೊಟ್ಟೆ ಉರಿಯಿತು.

ನಾವು ಕೂತಿದ್ದ ಜಗಲಿ ಸಂಘದ ಬೆಳ್ಳಮ್ಮನದು. ಆಕೆ ಬುಟ್ಟಿ ಬೋರಲು ಹಾಕಿ ಮೇಕೆ ಮೇಯಿಸಲು ಹೋಗಿದ್ದಳು. ಯಶೋದ ಕಾಫಿ ತರಲು ಎದ್ದು ಹೋದಾಗ ಅದನ್ನೆತ್ತಿ ಬಾಯಿ ಮೇಲೆ ಮಾಡಿಟ್ಟೆ. ನೆರವಿಗೆ ಯಾರೂ ಬರದಿದ್ದರೆ, ಬುಟ್ಟಿಯನ್ನು ಯಾರೂ ಗಮನಿಸುವುದಿಲ್ಲ ಎಂದು ವರದಿಯಲ್ಲಿ ಬರೆದರಾಯಿತು.

ಕಾಫಿ ಬರುವ ಮೊದಲೇ ಇಬ್ಬರು ಬಂದರು, ಕೈಯಲ್ಲಿ ಹಣ್ಣು ಕುಟ್ಟುವ ಕೊಡತಿ ಹಿಡಿದು. ಒಬ್ಬಳ ಕಂಕುಳಲ್ಲಿ ಮಗು, ಅದರ ತುಟಿಯ ಸುತ್ತ ಇನ್ನೂ ಮೊಸರನ್ನ.

“ಬೆಳ್ಳಕ್ಕ ಅರ್ಧಕ್ಕೇ ಬುಟ್ಬುಟ್ಟು ಹೋದ್ಲಾ?” ಎಂದಳು ಮಗುವಿನ ತಾಯಿ ಸುನಿತಾ. “ಮೊಗಾ ಉಣ್ತಾ ಇತ್ತು. ಇರ್ಲಿ, ಹಣ್ಣು ಎಲ್ಲದೆ?”

ಆ ತುಟಿ ನೋಡಿ ಸುಳ್ಳು ಹೇಳಲಾಗಲಿಲ್ಲ. ಬುಟ್ಟಿ ತಿರುಗಿಸಿಟ್ಟವಳು ನಾನೇ ಎಂದೆ.

ಅವಳು ಕೊಡತಿ ಕೆಳಗಿಟ್ಟಳು. “ನಿಮ್ ಚಾರ್ಟಲ್ಲಿ ನಾವು ಸುಳ್ ಬರುದ್ರೆ ಸುಮ್ಕಿರ್ತಿದ್ರಾ ಅಕ್ಕಾ?”

ಬುಟ್ಟಿಯನ್ನು ಮತ್ತೆ ಬೋರಲು ಹಾಕಿದೆ. ಸುನಿತಾಳ ಮನೆಗೆ ಹೋಗಿ, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಉಳಿದ ಅನ್ನ ಉಣಿಸಿದೆ.

ಹೂಗ್ಯಂಗೆ ಬುಟ್ಟಿಯೇ ಸರಿ, ಚಾರ್ಟ್ ಮಾಂಬಳ್ಳಿಗಿರಲಿ ಎಂದು ಕೌದಳ್ಳಿ ದಾಟುವಷ್ಟರಲ್ಲಿ ಬಸ್ಸಿನಲ್ಲೇ ಬರೆದು ಮುಗಿಸಿದೆ. ಇದು ಯಶೋದಳ ಯೋಚನೆ ಎಂಬ ಒಂದು ಸಾಲು ಮಾತ್ರ ಹನೂರು ದಾಟಿದರೂ ಬರೆಯಲಾಗಲಿಲ್ಲ. ಕೊಳ್ಳೇಗಾಲದಲ್ಲಿ ಇಳಿಯುವ ಮುಂಚೆ ಬರೆದೆ, ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ.