ದಾವಲ್‌ಬೀ ಸಾಕ್ಷಿಯ ಹನ್ನೊಂದು ಚೀಟಿ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು. ನನ್ನ ಐಶ್ವರ್ಯವೆಂದರೆ ಒಂದು ಶಿಕ್ಕಾ, ಬರೀ ಒಂದು ರಬ್ಬರ್ ಮೊಹರು. ೧೯೮೭ರಲ್ಲಿ ಸಿಂಧನೂರಿನ ಅಕ್ಕಿ ಗಿರಣಿಯವರೆಲ್ಲ ಸೇರಿ, ಕೂಲಿಯವರಿಗೆ ಗೇಟ್ ಚೀಟಿ ಕೊಡುವ ಕೆಲಸವನ್ನು ತಮ್ಮ ಸಂಘದ ಗುಮಾಸ್ತನಾದ ನನಗೆ, ಅಂದರೆ ಈ ವೆಂಕೋಬನಿಗೆ, ಒಪ್ಪಿಸಿದರು. ನನ್ನ ಶಿಕ್ಕಾ ಬಿದ್ದ ಚೀಟಿ ಮಸ್ಕಿ, ಲಿಂಗಸುಗೂರಿನ ಗಿರಣಿಗಳಲ್ಲೂ ನಡೆಯುತ್ತಿತ್ತು. ಅದಿಲ್ಲದವರಿಗೆ ಯಾವ ಗೇಟೂ ತೆರೆಯುತ್ತಿರಲಿಲ್ಲ.

ನಿಯಮಗಳನ್ನೂ ನಾನೇ ಬರೆದೆ. ಚೀಟಿಯ ಆಯುಷ್ಯ ಯುಗಾದಿಯಿಂದ ಯುಗಾದಿಗೆ. ಹೊಸಬರು ಬಂದರೆ ಚೀಟಿ ಇದ್ದವರೊಬ್ಬರು ಸಾಕ್ಷಿ ಹೇಳಬೇಕು. ಪ್ರತಿ ವರ್ಷ ಚೀಟಿ ಹೊಸದು ಮಾಡಿಸುವಾಗಲೂ ಅದೇ ಸಾಕ್ಷಿ ಖುದ್ದಾಗಿ ಬರಬೇಕು. ಒಂದನೇ ನಂಬರಿನ ಚೀಟಿ ನನ್ನದು. ಅದಕ್ಕೆ ಸಾಕ್ಷಿ ಯಾರು? ನಾನೇ. ಯಾರೂ ಕೇಳಲಿಲ್ಲ, ನನಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಸಾಲಗುಂದದ ದಾವಲ್‌ಬೀ ಭತ್ತ ಒಣಗಿಸುವ ಹೆಂಗಸರಿಗೆ ಮುಂದಾಳು. ಹನ್ನೊಂದು ಮಂದಿಗೆ ಅವಳದೇ ಸಾಕ್ಷಿ. ಯುಗಾದಿ ಬಂತೆಂದರೆ ಅವರನ್ನೆಲ್ಲ ನನ್ನ ಮೇಜಿನ ಮುಂದೆ ನಿಲ್ಲಿಸಿ, "ಇವ್ರು ನಮ್ಮವ್ರು ಅದಾರ್ರಿ ಸಾಹೇಬ್ರ, ಹಾಕ್ರಿ ಶಿಕ್ಕಾ" ಅನ್ನುತ್ತಿದ್ದಳು. ನಾನು ತಲೆ ಎತ್ತದೆ ಒಬ್ಬೊಬ್ಬರ ಹೆಬ್ಬೆಟ್ಟು ಹಿಡಿದು ಒತ್ತಿಸುತ್ತಿದ್ದೆ.

ಹೀಗೆ ಮೂರು ವರ್ಷ ನಡೆಯಿತು. ನಾಲ್ಕನೆಯ ಯುಗಾದಿಗೆ ಹದಿನೈದು ದಿನ ಇರುವಾಗ ದಾವಲ್‌ಬೀ ಕಾಮಾಲೆಯಿಂದ ತೀರಿಕೊಂಡಳು. ಯುಗಾದಿಗೆ ಹನ್ನೊಂದು ಮಂದಿ ತಾವೇ ಬಂದರು.

"ಸಾಕ್ಷಿ ಎಲ್ಲಿ?" ಅಂದೆ.

"ಆಕಿ ಸತ್ತಾಳ್ರಿ. ನಮಗ ನಾವ ಸಾಕ್ಷಿ ಹೇಳ್ತೀವ್ರಿ," ಅಂದಳು ಮುಂದೆ ನಿಂತವಳು.

"ತನಗ ತಾನ ಸಾಕ್ಷಿ ಹೇಳೋದು ಎಲ್ಲಾರ ಐತೇನಬೇ?" ಅಂದು ನಕ್ಕೆ. ನನ್ನ ಚೀಟಿ ಜೇಬಿನಲ್ಲೇ ಇತ್ತು! ಆ ನಗು ನೆನಪಾದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯ.

ಮರುದಿನ ಗೇಟಿನ ಕಾವಲುಗಾರ ಕರಿಬಸಯ್ಯ ಬಂದ. "ಮೂರು ವರ್ಷ ದಿನಾ ನೋಡೀನ್ರಿ ಅವ್ರನ್ನ. ಒಳಗ ಬಿಡ್ಲೇನ್ರಿ?"

"ನೀ ಮಾರಿ ನೋಡಬ್ಯಾಡ, ಶಿಕ್ಕಾ ನೋಡು," ಅಂದೆ. ಅವನು ಹಾಗೇ ಮಾಡಿದ.

ಎರಡು ತಿಂಗಳಾದ ಮೇಲೆ, ಅವರಲ್ಲಿ ಏಳು ಮಂದಿ ಕೂಸುಗಳನ್ನು ಕಟ್ಟಿಕೊಂಡು ಪುಣೆಗೆ ಗಾರೆ ಕೆಲಸಕ್ಕೆ ಹೋದರೆಂದು ಅವನೇ ಹೇಳಿದ. ನಿಯಮ ಬರೆದವನು ನಾನು, ತಿದ್ದಲು ಒಂದು ಗೆರೆ ಸಾಕಿತ್ತು. ಅವತ್ತೇ ರಿಜಿಸ್ಟರು ನೋಡಿ ಹನ್ನೊಂದು ಚೀಟಿ ಬರೆದೆ, ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು ಹಾಕಿದೆ, ಶಿಕ್ಕಾ ಒತ್ತಿ ಸಾಲಗುಂದದ ಬಸ್ಸು ಹತ್ತಿದೆ.

ಅಂದು ಮುಂದೆ ನಿಂತು ಮಾತಾಡಿದವಳೇ ಮನೆ ಮುಂದೆ ಜೋಳ ಹಸನು ಮಾಡುತ್ತಿದ್ದಳು. "ತಪ್ಪಾತವ್ವ. ಈಗ ನಿಮಗೆಲ್ಲ ನಾನ ಸಾಕ್ಷಿ," ಅಂದು ಚೀಟಿಗಳನ್ನು ಚಾಚಿದೆ.

ಅವಳು ಮೊರ ಕೆಳಗಿಟ್ಟಳು, ಚೀಟಿ ಮುಟ್ಟಲಿಲ್ಲ. "ದಾವಲ್‌ಬೀ ನಮ್ಮನ್ನ ಬಲ್ಲಾಕಿ ಇದ್ಳು. ನೀವು ಬಲ್ರೇನ್ರಿ?"

"ಬಲ್ಲೆ."

"ಹಂಗಾದ್ರ ಇದ್ರಾಗ ನಂದು ಯಾವ್ದು, ತಗದು ಕೊಡ್ರಿ."

ಆದಮ್ಮ, ತಿಮ್ಮವ್ವ, ಶಾಕೀರಾ, ಮುದುಕಮ್ಮ... ಒಂದೊಂದಾಗಿ ಹನ್ನೊಂದನ್ನೂ ತಿರುವಿದೆ. ಮೂರು ಯುಗಾದಿ ಅವಳ ಹೆಬ್ಬೆಟ್ಟನ್ನು ನನ್ನ ಕೈಯಾರೆ ಹಿಡಿದಿದ್ದೆ. ಅವಳು ಕಾಯುತ್ತ ನಿಂತಳು. ನಾನು ಮತ್ತೆ ಮೊದಲಿನಿಂದ ತಿರುವತೊಡಗಿದೆ.