ಹದಿನಾರು ಬಣ್ಣಗಳಲ್ಲಿ ಕಾಣದ ಮುಖ

ಗಂಡಿನ ಕಡೆಯಿಂದ ಮದುವೆಗೆ ಮೊದಲೇ ಕಂಪ್ಯೂಟರ್ ಬಂದಿದೆ ಎಂದು ಬಸವನ ಬಾಗೇವಾಡಿಯ ಆ ಓಣಿಯೆಲ್ಲ ಜಯಮಾಲಾಳ ಮನೆಗೆ ಬಂದು ನೋಡಿ ಹೋಯಿತು. ಆಗಿನ್ನೂ ಊರಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಅವಳಿಗೆ ನಿಶ್ಚಯವಾಗಿದ್ದ ಸಂಗಮೇಶ ಇಂಡಿ ಪಟ್ಟಣದಲ್ಲಿ ಹೊಸದಾಗಿ ಝೆರಾಕ್ಸ್, ಡಿಟಿಪಿ ಅಂಗಡಿ ತೆರೆದಿದ್ದ. ತಂದೆ ತಾಯಿ ಇಲ್ಲದ ಹುಡುಗ. ಅವನ ಕಾಕಾ ಒಬ್ಬನೇ ಬಂದು ಮಾತುಕತೆ ಮುಗಿಸಿದ್ದ. ಜಯಮಾಲಾ ಸಿಂದಗಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು ಎಂಬುದೇ ಸಂಗಮೇಶನಿಗೆ ಬಹಳ ಹಿಡಿಸಿತ್ತು.

"ಹಳೇದೈತಿ, ಆದ್ರ ಎಲ್ಲಾ ಅಳಿಸಿ ಹೊಸದಾಗಿ ವಿಂಡೋಸ್ ಹಾಕೇನಿ," ಎಂದು ಫೋನಿನಲ್ಲಿ ಹೇಳಿದ್ದ. "ಕನ್ನಡ ಟೈಪಿಂಗ್ ರೂಢಿ ಮಾಡ್ಕೊ. ಮುಂದ ಅಂಗಡಿ ನೋಡ್ಕೊಳ್ಳಾಕಿ ನೀನ."

ಪರದೆ ಮಾತ್ರ ಸರಿಯಿರಲಿಲ್ಲ. ಎಲ್ಲವೂ ದಪ್ಪದಪ್ಪಗೆ, ಅಕ್ಷರಗಳ ಅಂಚು ಹರಿದ ಹಾಗೆ, ಬಣ್ಣಗಳು ಬರೀ ಹದಿನಾರು. ಡಿಸ್‌ಪ್ಲೇ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಹಾಕಿಲ್ಲ ಎಂದು ಜಯಮಾಲಾಳಿಗೆ ನೋಡಿದ ಕೂಡಲೇ ತಿಳಿಯಿತು. ಜೊತೆಗೆ ಬಂದಿದ್ದ ಸಿಡಿ ಪ್ರಿಂಟರಿನದು. ಗೆಳತಿ ಅಬಿದಾಳ ಹತ್ತಿರ ಇನ್ನೊಂದು ಸಿಡಿ ತಂದು ಹಾಕಿದಳು. ಮಶೀನು ಮತ್ತೆ ಶುರುವಾದಾಗ ಪರದೆ ಪೂರ್ತಿ ಕಪ್ಪು. ಮಶೀನು ಕೆಟ್ಟಾಗ ಬಳಸುವ ಸೇಫ್ ಮೋಡಿನಲ್ಲಿ ಹೊಕ್ಕು ಆ ತಪ್ಪು ಡ್ರೈವರನ್ನು ತೆಗೆದುಹಾಕುವಷ್ಟರಲ್ಲಿ ಬೆವರಿಳಿದಿತ್ತು.

ಆಗ ಅವಳಿಗೆ ಹೊಳೆಯಿತು. ವಿಂಡೋಸ್ ಹಾಕುವವರು ಸಾಮಾನ್ಯವಾಗಿ ಸಿ ಡ್ರೈವ್ ಎಂಬ ಒಂದು ಭಾಗವನ್ನಷ್ಟೇ ಅಳಿಸುತ್ತಾರೆ, ಡಿ ಡ್ರೈವ್ ಹಾಗೇ ಉಳಿಯುತ್ತದೆ. ಹುಡುಕಿದಳು. ಡ್ರೈವರಿನ ಫೋಲ್ಡರ್ ಅಲ್ಲೇ ಇತ್ತು. ಅದರ ಕೆಳಗೆ 'ಯಶೋಧಾ' ಎಂಬ ಇನ್ನೊಂದು ಫೋಲ್ಡರ್. ತೆರೆದರೆ ಯಾರದೋ ಮದುವೆಯ ಫೋಟೋ. ಮುಖಗಳು ಬಣ್ಣದ ಮಣ್ಣು ಮೆತ್ತಿದ ಹಾಗೆ, ಗುರುತೇ ಸಿಗುತ್ತಿರಲಿಲ್ಲ. ಅಂಗಡಿಯ ಗಿರಾಕಿಗಳದು ಇರಬೇಕು ಎಂದು ಮುಚ್ಚಿ, ಡ್ರೈವರ್ ಹಾಕಿ, ಮಶೀನನ್ನು ಮತ್ತೆ ಶುರು ಮಾಡಿದಳು.

ಪರದೆ ತೊಳೆದಿಟ್ಟ ಕನ್ನಡಿಯಂತಾಯಿತು. ಬಣ್ಣ ಎಷ್ಟು ಚೆನ್ನಾಗಿ ಬಂದಿದೆ ನೋಡೋಣವೆಂದು ಅದೇ ಫೋಟೋ ತೆರೆದಳು.

ಬಾಸಿಂಗ ಕಟ್ಟಿಕೊಂಡು ನಗುತ್ತಿದ್ದವನು ಸಂಗಮೇಶ. ಪಕ್ಕದ ಹುಡುಗಿಯ ಕೊರಳಲ್ಲಿ ಹೊಸ ತಾಳಿ.

ಜಯಮಾಲಾ ಬಣ್ಣಗಳನ್ನು ತಿರುಗಿ ಹದಿನಾರಕ್ಕೆ ಇಳಿಸಿದಳು, ಮುಖ ಕರಗಿಹೋಯಿತು. ಏರಿಸಿದಳು; ಮತ್ತೆ ಅವನೇ. ಡ್ರೈವರೇ ಏನೋ ತಪ್ಪು ತೋರಿಸುತ್ತಿದೆ ಎಂದು ಒಂದು ಗಳಿಗೆ ನಂಬಲು ನೋಡಿದಳು.

"ಯಾರ ಮದಿವಿ ಅದು?" ಎನ್ನುತ್ತ ತಾಯಿ ರೇಣವ್ವ ಹತ್ತಿರ ಬಂದಳು. ರೇಣವ್ವ ಬಗ್ಗಿ ನೋಡಿ, "ಅಯ್ಯಯ್ಯ, ಇದು ನಮ್ಮ..." ಎಂದವಳು ಗಂಡನನ್ನು ಕೂಗಿದಳು.

ತಂದೆ ಶ್ರೀಶೈಲಪ್ಪ ನಂಬಲೇ ಇಲ್ಲ. "ಕಂಪ್ಯೂಟರಿನ್ಯಾಗ ಯಾರ ತೆಲಿ ಯಾರಿಗರ ಹಚ್ಚತಾರಂತ," ಎಂದ.

ಸಂಜೆ ಎಂದಿನಂತೆ ಸಂಗಮೇಶನ ಫೋನು ಬಂತು.

"ಸ್ಕ್ರೀನ್ ಸರಿ ಆತೇನು?"

"ಆತ್ರಿ. ಡ್ರೈವರ್ ಡಿ ಡ್ರೈವ್‌ನ್ಯಾಗ ಸಿಕ್ತು."

ಸಂಗಮೇಶ ಮೆಲ್ಲಗೆ ನಕ್ಕ. "ಅದರಾಗ ಗಿರಾಕಿ ಫೋಟೋ ಅದಾವ. ಅಳಿಸಿಬಿಡು. ಊಟ ಆತೇನು?"

ಅದೇ ಸಕ್ಕರೆಯಂಥ ದನಿ. ಅವಳು ಫೋನಿಟ್ಟು ಆ ಫೋಟೋವನ್ನು ಮತ್ತೆ ತೆರೆದಳು.

ಫೋಟೋದ ಮೂಲೆಯಲ್ಲಿ ನಾಲತವಾಡದ ಸ್ಟುಡಿಯೋದ ಹೆಸರಿತ್ತು. ಮರುದಿನ ಅಪ್ಪ ಮಗಳು ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದರು. ಸ್ಟುಡಿಯೋದ ಮಶಾಕಸಾಬ ಯಶೋಧಾ, ಸಂಗಮೇಶರ ಹೆಸರು ಕೇಳಿದೊಡನೆ ಹಿಗ್ಗಿನಿಂದಲೇ ಹೇಳಿದ: "ಹೌದ್ರಿ, ನಾನ ತಗದದ್ದು. ಅಕಿ ಹಡೀಲಿಕ್ಕೆ ತವರಿಗೆ ಬಂದಾಳ್ರಿ. ದಿನಾ ತುಂಬ್ಯಾವ."

ಶ್ರೀಶೈಲಪ್ಪ ಆ ತವರುಮನೆಯ ದಾರಿ ಕೇಳಿಕೊಂಡ.

ಯಶೋಧಾ ತುಂಬಿದ ಹೊಟ್ಟೆ ಹೊತ್ತು ಬಾಗಿಲು ತೆರೆದಳು, ನೀರು ತಂದು ಕೊಟ್ಟಳು. "ಯಾ ಊರಿಂದ ಬಂದ್ರಿ?" ಉತ್ತರ ಕೊಟ್ಟವಳು ಜಯಮಾಲಾ.

"ಅಕ್ಕಾರ, ನಿಮ್ಮ ಮನೆಯವರ ಕಂಪ್ಯೂಟರ್ ನಮ್ಮನ್ಯಾಗ ಐತ್ರಿ."

"ನಿಮಗ ಮಾರ್ಯಾರೇನ್ರಿ?" ಯಶೋಧಾಳ ಮುಖ ಸಣ್ಣದಾಯಿತು. "ನಮ್ಮಪ್ಪ ಮದಿವ್ಯಾಗ ಕೊಟ್ಟದ್ರಿ ಅದು. ರಿಪೇರಿಗೆ ಹಾಕೇನಿ ಅಂದಿದ್ರು."

"ಮಾರಿಲ್ರಿ." ಜಯಮಾಲಾ ಬೆರಳಿನ ನಿಶ್ಚಯದ ಉಂಗುರ ತೋರಿಸಿದಳು. "ಇದನ್ನ ಹಾಕಿ, ಅದನ್ನ ಕಳಿಸ್ಯಾರ. ಬರೋ ತಿಂಗಳ ನನ್ನ ಮದಿವಿ ಇಟ್ಟಿದ್ರು."

ಯಶೋಧಾ ಉಂಗುರವನ್ನೇ ನೋಡುತ್ತ ಹೊಸ್ತಿಲ ಮೇಲೆ ಮೆಲ್ಲಗೆ ಕೂತಳು. "ಮೊನ್ನೆ ಬಂದಿದ್ರು," ಎಂದಳು. "ಹುಟ್ಟೋ ಕೂಸಿನ ತೆಲಿಗೆ ಕುಲಾಯಿ ತಂದಿದ್ರು."

ಎರಡೂ ಮನೆಯ ಹಿರಿಯರು ಸೇರಿ ಇಂಡಿಗೆ ಹೋದಾಗ ಸಂಗಮೇಶ ಅಂಗಡಿಯಲ್ಲಿ ಯಾವುದೋ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದ. ಇಲ್ಲ ಎನ್ನಲಿಲ್ಲ. "ಇಬ್ಬರನ್ನೂ ಸಾಕೋ ತಾಕತ್ತು ನನಗೈತಿ. ನಿಮಗೇನ್ ತ್ರಾಸು?" ಎಂದ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಯಮಾಲಾ ಉಂಗುರ ಕಳಚಿ ಅವನ ಕೀಬೋರ್ಡಿನ ಮೇಲಿಟ್ಟು ಹೊರಗೆ ಬಂದಳು. ಬಿಸಿಲಿಗೆ ಬಂದ ಮೇಲೂ ಅವನ ಮಾತು ತನಗೆ ಸರಿಯಾಗಿ ಕೇಳಿಸಿತೇ ಎಂಬ ಅನುಮಾನ ಅವಳನ್ನು ಬಿಡಲಿಲ್ಲ.

ಯಶೋಧಾ ಹೆಣ್ಣು ಹೆತ್ತಳು. ಸುದ್ದಿ ತಿಳಿದು ರೇಣವ್ವ ಬಾಣಂತಿಯ ಉಂಡಿಗೆಂದು ಒಣಕೊಬ್ಬರಿ, ಅಂಟು, ತುಪ್ಪ ಕಟ್ಟಿಕೊಂಡು ಮಗಳ ಜೊತೆ ನಾಲತವಾಡಕ್ಕೆ ಟೆಂಪೋ ಹತ್ತಿದಳು. ಹಿಂದೆ ಕಂಪ್ಯೂಟರೂ ಇತ್ತು. ಜಯಮಾಲಾ ವೈರುಗಳನ್ನೆಲ್ಲ ಜೋಡಿಸುವುದನ್ನು ಬಾಣಂತಿ ಮಂಚದಿಂದಲೇ ನೋಡುತ್ತಿದ್ದಳು.

"ಆ ಫೋಟೋ ಅದಾವೇನವಾ?"

"ಅದಾವ್ರಿ ಅಕ್ಕಾ. ನಾ ಮುಟ್ಟಿಲ್ಲ."

"ಇರ್ಲಿ," ಎಂದಳು ಯಶೋಧಾ, ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಳ್ಳುತ್ತ. "ಕೇಸಿಗೆ ಬೇಕಂತ ವಕೀಲರು ಕೇಳ್ಯಾರ."